ಹಳೆಯ ಲಾರಿಯ ದುರಸ್ತಿ: ಮನೆಯಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ಪ್ರಶ್ನೆ: ಭದ್ರಾವತಿಯ ಮನೆಯಂಗಳದಲ್ಲಿ ವರ್ಷಗಳಿಂದ ನಿಂತಿರುವ, ತಂದೆಯ ಕಾಲದ ಟಾಟಾ 1210 ಲಾರಿಯನ್ನು ಮನೆಯಲ್ಲೇ ರಿಪೇರಿ ಮಾಡಬಹುದೇ? ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಉತ್ತರ: ಒಂದೇ ಹೆಸರಿನ ಲಾರಿಗಳಲ್ಲೂ ತಯಾರಾದ ವರ್ಷಕ್ಕೆ ತಕ್ಕಂತೆ ಎಂಜಿನ್, ಗೇರ್‌ಬಾಕ್ಸ್‌ಗಳು ಬದಲಾಗಿರುವುದರಿಂದ, ಮೊದಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಬರೆದುಕೊಂಡು, ಕಳಚಿದ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಿಚಾರಿಸುವುದು ಸೂಕ್ತ. ಅಲ್ಲಿ ದೊರೆಯದ ಬುಷ್, ಪಿನ್‌ಗಳಂತಹ ಸರಳ ಭಾಗಗಳನ್ನು, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯ ಲೇತ್ ಅಂಗಡಿಗಳಲ್ಲಿ ಅಳತೆಗೆ ತಕ್ಕಂತೆ ಮಾಡಿಸಬಹುದು. ಆದರೆ ಸ್ಟೀರಿಂಗ್ ಮತ್ತು ಬ್ರೇಕಿನ ಭಾಗಗಳಿಗೆ ಈ ದಾರಿ ಸಲ್ಲದು.

ಎಣ್ಣೆ, ಫಿಲ್ಟರ್, ಬೆಲ್ಟ್, ಹೋಸ್‌ಗಳ ಬದಲಾವಣೆ ಮನೆಯಲ್ಲೇ ಸಾಧ್ಯ. ಬಹುಕಾಲ ನಿಂತ ಎಂಜಿನ್ ಹತ್ತದಿರಲು ಡೀಸೆಲ್ ಕೊಳವೆಯೊಳಗೆ ಸೇರಿದ ಗಾಳಿಯೂ ಕಾರಣವಾಗಬಹುದಾದ್ದರಿಂದ, ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಹೊರಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ಅನಂತರ ತಿರುಪನ್ನು ಬಿಗಿಗೊಳಿಸಬೇಕು. ಪ್ರತಿ ಸಿಲಿಂಡರಿಗೂ ಅಳತೆಯಾಗಿ ಡೀಸೆಲ್ ಒದಗಿಸುವ ಇಂಜೆಕ್ಷನ್ ಪಂಪನ್ನು ಮಾತ್ರ ಪರೀಕ್ಷಾ ಯಂತ್ರವಿರುವ ಪಂಪ್ ಮೆಕ್ಯಾನಿಕ್ ಬಳಿಯೇ ಸರಿಪಡಿಸಬೇಕು.

ಕೇವಲ ಜಾಕ್ ಆಧಾರದಲ್ಲಿ ನಿಂತ ಲಾರಿಯ ಕೆಳಗೆ ಯಾರೂ ನುಸುಳಬಾರದು. ಹಳೆಯ ಬ್ರೇಕ್ ಲೈನರಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಊದದೆ ಒದ್ದೆಬಟ್ಟೆಯಿಂದ ಒರೆಸಬೇಕು. ಎಂಜಿನ್ ಬದಲಾಯಿಸಿದರೆ ಆರ್‌ಟಿಒ ದಾಖಲೆಯಲ್ಲಿ ನಮೂದಿಸಿ, ಎಫ್‌ಸಿ, ಅಂದರೆ ವಾಹನದ ಸುಸ್ಥಿತಿ ಪ್ರಮಾಣಪತ್ರ ಪಡೆದ ಬಳಿಕವೇ ಲಾರಿಯನ್ನು ರಸ್ತೆಗಿಳಿಸುವುದು ಕ್ಷೇಮಕರ.