ಗುಮಾಸ್ತನ ತಕ್ಕಡಿ

ಚತುರ್ದಶಿಯ ಉಪವಾಸವನ್ನು ತಪ್ಪದ ವರ್ತಕನೊಬ್ಬನ ಅಂಗಡಿಯಲ್ಲಿ ತೂಕ ಕಡಿಮೆಯೆಂದು ಗಿರಾಕಿ ಆಕ್ಷೇಪಿಸಿದನೆನ್ನೋಣ. “ತೂಗಿದವನು ಗುಮಾಸ್ತ, ಅಂಗಡಿ ನೋಡುವವನು ತಮ್ಮ, ನಾನೇನು ಬಲ್ಲೆ?” ಎಂಬುದು ಆತನ ಸಮಾಧಾನ. ಲಾಭದ ಪಾಲು ಬರುವಾಗ ಮಾತ್ರ ಈ ಅಜ್ಞಾನವಿರುವುದಿಲ್ಲ!

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹೀನಾಧಿಕಮಾನೋನ್ಮಾನವನ್ನು, ಎಂದರೆ ಕಡಿಮೆ ಅಳೆದು ಕೊಟ್ಟು ಹೆಚ್ಚು ಅಳೆದು ಕೊಳ್ಳುವುದನ್ನು, ಅಚೌರ್ಯಾಣುವ್ರತದ 5 ಅತಿಚಾರಗಳಲ್ಲಿ ಎಣಿಸಿದೆ. 6ನೆಯ ಅಧ್ಯಾಯದಲ್ಲಿ ತಾನು ಮಾಡಿದ ಕೃತ, ಪರರಿಂದ ಮಾಡಿಸಿದ ಕಾರಿತ, ಮಾಡಿದವನಿಗೆ ಒಪ್ಪಿದ ಅನುಮತ, ಈ ಮೂರೂ ಆಸ್ರವಕ್ಕೆ ಆಶ್ರಯಗಳು. ಅನುಮತಕ್ಕೆ ಅಕಲಂಕದೇವರು ರಾಜವಾರ್ತಿಕದಲ್ಲಿ ಕೊಟ್ಟ ದೃಷ್ಟಾಂತ ಮೌನವ್ರತಿಯದು: ಕಣ್ಣಾರೆ ಕಂಡೂ ತಡೆಯದವನು ಒಪ್ಪಿದವನೇ. ವ್ರತದ ಮೌನವೇ ಹೀಗಾದರೆ, ಲಾಭದ ಮೌನವನ್ನು ಏನೆನ್ನಬೇಕು?

ಆದುದರಿಂದ ಗಿರಾಕಿಗೆ ಕೊರತೆಯನ್ನು ತುಂಬಿಕೊಟ್ಟು, ಆಲೋಚನೆಯಲ್ಲಿ ಗುಮಾಸ್ತನ ಹೆಸರೆತ್ತದೆ, ತನ್ನ ಪಾಲಿನ ದೋಷವನ್ನು ಗುರುಗಳಲ್ಲಿ ನಿವೇದಿಸತಕ್ಕದ್ದು. ಪಾರಣೆ ಅನಂತರ.