ಎಮು: ಕಾವು ಕೂರುವ ತಂದೆ

ಮನೆಯ ಕೋಳಿ ಬುಟ್ಟಿಯಲ್ಲಿ ಕಾವು ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಹೀಗಾಗಿ ಕಾವು ಕೊಡುವುದು ತಾಯಿಯ ಕೆಲಸವೆಂದೇ ತಿಳಿದಿರುತ್ತೇವೆ. ಆಸ್ಟ್ರೇಲಿಯಾದ ಎಮು ಹಕ್ಕಿಯಲ್ಲಿ ಈ ಕೆಲಸ ಪೂರ್ತಿ ತಂದೆಯದು.

ಜೋಡಿ ಮತ್ತು ಮೊಟ್ಟೆ

ಎಮು ಹಾರಲಾರದ ಹಕ್ಕಿ. ಎತ್ತರದಲ್ಲಿ ಉಷ್ಟ್ರಪಕ್ಷಿಯ ನಂತರದ ಸ್ಥಾನ ಇದರದು. ಹೆಣ್ಣು ಕತ್ತಿನ ಗಾಳಿಚೀಲ ಉಬ್ಬಿಸಿ ಡೋಲು ಬಡಿದಂತೆ ಸದ್ದು ಮಾಡುತ್ತದೆ. ಹಗಲು ಕಿರಿದಾಗುತ್ತ ಹೋಗುವುದೇ ಸಂತಾನಕಾಲದ ಸೂಚನೆ. ಆದ್ದರಿಂದ ಆಸ್ಟ್ರೇಲಿಯಾದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಹೆಚ್ಚಾಗಿ ಮೊಟ್ಟೆಯಿಡುವ ಎಮು, ಭಾರತದ ಫಾರಂಗಳಲ್ಲಿ ನಮ್ಮ ಚಳಿಗಾಲದಲ್ಲಿ ಇಡುತ್ತದೆ.

ನೆಲದ ಮೇಲೆ ಹುಲ್ಲು, ಎಲೆ, ಕಡ್ಡಿ ಹಾಸಿ ಗೂಡು ಮಾಡುವುದು ಗಂಡು. ಹೆಣ್ಣು ಕೆಲವು ದಿನಗಳಿಗೊಂದರಂತೆ 5ರಿಂದ 15 ಕಡುಹಸಿರು ಮೊಟ್ಟೆಗಳನ್ನಿಡುತ್ತದೆ. ಒಂದೊಂದೂ ಸುಮಾರು ಅರ್ಧ ಕಿಲೋ, ಅಂದರೆ ಹತ್ತು ಕೋಳಿಮೊಟ್ಟೆಗಳ ತೂಕ.

ಎಂಟು ವಾರದ ಉಪವಾಸ

ಗಂಡು ಸುಮಾರು 8 ವಾರ ಕಾವು ಕೂರುತ್ತದೆ. ಈ ಅವಧಿಯಲ್ಲಿ ಮೇವು, ನೀರು ಬಹುತೇಕ ಇಲ್ಲ. ಮೊದಲೇ ಕೂಡಿಟ್ಟ ಕೊಬ್ಬೇ ಆಧಾರ. ದಿನಕ್ಕೆ ಸುಮಾರು ಹತ್ತು ಸಲ ಎದ್ದು ಮೊಟ್ಟೆ ಹೊರಳಿಸುತ್ತದೆ. ದೇಹತೂಕದ ಮೂರನೇ ಒಂದು ಭಾಗದವರೆಗೂ ಕರಗಬಹುದು. ಹೆಣ್ಣು ಅಷ್ಟರಲ್ಲಿ ಹೊರಟುಹೋಗಿ ಬೇರೆ ಗಂಡಿನೊಡನೆ ಜೋಡಿಯಾಗಲೂಬಹುದು.

ತಾಯಂದಿರಲ್ಲಿ ಹಾಲು ಉತ್ಪತ್ತಿಗೆ ಕಾರಣವಾಗುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಜೀವಶಾಸ್ತ್ರದಲ್ಲಿ ಓದುತ್ತೇವೆ. ಕಾವು ಕೂತ ಗಂಡು ಎಮುವಿನ ರಕ್ತದಲ್ಲೂ ಅದೇ ಹಾರ್ಮೋನು ಏರುತ್ತದೆ. ಪಟ್ಟೆಪಟ್ಟೆಯ ಮರಿಗಳು ಹೊರಬಂದ ಮೇಲೂ ತಂದೆ ಐದಾರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅವನ್ನು ಕಾಯುತ್ತದೆ.

ನಮ್ಮ ಸೀಮೆಯ ನೆಲಗೂಡು

ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಕಾಣಸಿಕ್ಕಿರುವ ಎರ್ಲಡ್ಡು ಕೂಡ ನೆಲದ ಮೇಲೆ ಮೊಟ್ಟೆಯಿಡುವ ದೊಡ್ಡ ಹಕ್ಕಿ. ಪಕ್ಷಿತಜ್ಞ ಸಲೀಂ ಅಲಿ ರಾಷ್ಟ್ರಪಕ್ಷಿಯಾಗಲಿ ಎಂದು ಬಯಸಿದ್ದು ಇದನ್ನೇ. ಇದರ ರೀತಿ ಎಮುವಿಗೆ ತದ್ವಿರುದ್ಧ: ಗಂಡು ದೂರವೇ ಉಳಿಯುತ್ತದೆ, ಹೆಣ್ಣೊಂದೇ ಸುಮಾರು 27 ದಿನ ಕಾವು ಕೂರುತ್ತದೆ. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ನಾಯಿ ತಿಂದರೆ, ಟ್ರ್ಯಾಕ್ಟರ್ ಹಾಯ್ದರೆ ಎಮುವಿನಂತೆ ಉಳಿದ ಮೊಟ್ಟೆಗಳ ಭರವಸೆ ಇದಕ್ಕಿಲ್ಲ. 2011ರಿಂದ ಇದು ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಎರ್ಲಡ್ಡು ನಮಗೆಲ್ಲ ಕಾಣದಿರಬಹುದು. ಆದರೆ ಟಿಟ್ಟಿಭದ ಮಚ್ಚೆಮೊಟ್ಟೆಗಳು ನಮ್ಮ ಹೊಲಗಳಲ್ಲೇ ಸಿಗುತ್ತವೆ. ಕಂಡರೆ ಮುಟ್ಟದೆ ದೂರ ಸರಿಯಿರಿ, ತಾಯಿಹಕ್ಕಿ ಮರಳಲಿ. ಮರಿ ಹೊರಬರುವವರೆಗೆ ಅಷ್ಟು ಜಾಗ ಬಿಟ್ಟು ಉಳುವಂತೆ ಮನೆಯ ಹಿರಿಯರಿಗೆ ಹೇಳಿ.

ಉತ್ತರಿಸಿ

1. ಭಾರತದಲ್ಲಿ ಎಮುವಿನ ಮೊಟ್ಟೆಯ ಕಾಲ ಬದಲಾಗಲು ಕಾರಣವೇನು?
2. ಕಾವು ಕೂರುವ ಗಂಡಿನಲ್ಲಿ ಯಾವ ಹಾರ್ಮೋನು ಏರುತ್ತದೆ?
3. ಒಂದು ಮೊಟ್ಟೆ ನಾಶವಾದರೆ ಎಮುವಿಗಿಂತ ಎರ್ಲಡ್ಡುವಿಗೆ ನಷ್ಟ ಹೆಚ್ಚು. ಏಕೆ?