ಸುಟ್ಟ ಬ್ಯಾಟರಿಯನ್ನು ಅಂಗಡಿಯವನ ಕೈಗೆ ಕೊಡಬೇಡಿ

ಬ್ಯಾಟರಿ ಸಿಡಿದು ತೊಡೆ ಸುಟ್ಟುಕೊಂಡವರು, ಚಾರ್ಜಿಗಿಟ್ಟ ಪವರ್ ಬ್ಯಾಂಕಿನಿಂದ ಹಾಸಿಗೆಗೆ ಬೆಂಕಿ ಹತ್ತಿದವರು ನನ್ನ ಬಳಿ ಬರುವ ಹೊತ್ತಿಗೆ ಪ್ರಕರಣ ಅರ್ಧ ಕೈತಪ್ಪಿರುತ್ತದೆ. ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆಯ ಈ ಜನರಿಗೆ ಕಾನೂನಿನ ಬೆಂಬಲ ಇಲ್ಲವೆಂದಲ್ಲ. ಠಾಣೆ, ಆಸ್ಪತ್ರೆ, ಗ್ರಾಹಕ ಆಯೋಗ ಎಂದರೆ ಹೆದರಿ, ಮೊದಲ ಒಂದೆರಡು ದಿನಗಳಲ್ಲೇ ಮಾಡಬಾರದ್ದನ್ನು ಮಾಡಿ ಬಂದಿರುತ್ತಾರೆ.

ಮೊದಲು ವೇಪ್, ಅಂದರೆ ಇ-ಸಿಗರೇಟಿನ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಪರಿಹಾರದ ದಾರಿ ಬಹುತೇಕ ಮುಚ್ಚಿದೆ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ದೇಶಕ್ಕೆಲ್ಲ ಅನ್ವಯಿಸುತ್ತದೆ. ಆಮದು, ಸಾಗಣೆ, ಮಾರಾಟ, ಹಂಚಿಕೆಗೆ ಮೊದಲ ಸಲ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಲ್ಫಿನಿಂದ ಬರುವವರು "ವಿಮಾನದಲ್ಲಿ ಕೈಚೀಲದಲ್ಲಿ ತರಬಹುದು ಅಂದರಲ್ಲ" ಎನ್ನುತ್ತಾರೆ. ವಿಮಾನ ಕಂಪನಿ ಹೇಳುವುದು ಬೆಂಕಿಯ ಅಪಾಯದ ದೃಷ್ಟಿಯಿಂದ ಮಾತ್ರ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಅದು ನಿಷೇಧಿತ ಆಮದು. ಅಣ್ಣ ತಂದ ನಾಲ್ಕು ವೇಪ್‌ಗಳನ್ನು ತಮ್ಮ ಕಾಲೇಜಿನಲ್ಲಿ ಮಾರಿದರೆ ಅದು ಅಪರಾಧ, ಲಾಭ ಬಂತೋ ಇಲ್ಲವೋ ಯಾರೂ ಕೇಳುವುದಿಲ್ಲ.

ಸೇದುವುದನ್ನು ಆ ಕಾಯ್ದೆ ಅಪರಾಧವೆಂದು ಹೆಸರಿಸಿಲ್ಲ. ಹಾಗೆಂದು ಜೇಬಿನಲ್ಲಿ ಇಟ್ಟುಕೊಂಡು ತಿರುಗಿ ಎಂದು ನಾನು ಹೇಳಲಾರೆ. ಒಂದೇ ಒಂದು ಸಿಕ್ಕರೂ ಅದನ್ನು ಸಾಗಣೆ ಎಂದೋ ದಾಸ್ತಾನು ಎಂದೋ ಬರೆಯಲು ಹೊರಡುವ ಅಧಿಕಾರಿಗಳಿದ್ದಾರೆ, ಆ ಹೆದರಿಕೆಯ ಮೇಲೆ ದುಡ್ಡು ಮಾಡುವ ಮಧ್ಯವರ್ತಿಗಳೂ ಇದ್ದಾರೆ. "ಇಲ್ಲೇ ಮುಗಿಸುವ" ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ವಶಪಡಿಸಿಕೊಂಡ ವಸ್ತುವಿಗೆ ಮಹಜರು ಎಲ್ಲಿ ಎಂದು ಕೇಳಿ.

ಇನ್ನು ಅಪಾಯ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಇ-ಸಿಗರೇಟು ಸಿಡಿದ ಅಥವಾ ಬೆಂಕಿ ಹತ್ತಿದ 195 ಘಟನೆಗಳನ್ನು ಲೆಕ್ಕಹಾಕಿತ್ತು. ಅರ್ಧಕ್ಕಿಂತ ಹೆಚ್ಚು ನಡೆದದ್ದು ಸಾಧನ ಜೇಬಿನಲ್ಲಿದ್ದಾಗ ಅಥವಾ ಬಳಸುತ್ತಿದ್ದಾಗ. ಬಿಡಿ ಲಿಥಿಯಂ ಸೆಲ್ಲು ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿದ್ದರೆ ಶಾರ್ಟ್ ಆಗಲು ಅಷ್ಟೇ ಸಾಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಒಪ್ಪಿಸಬೇಕು.

ಸುಟ್ಟುಕೊಂಡರೆ ಆಸ್ಪತ್ರೆಯಲ್ಲಿ ಸತ್ಯ ಹೇಳಿ. ತುರ್ತು ಚಿಕಿತ್ಸೆಯನ್ನು ಪೊಲೀಸ್ ಕಾಗದಕ್ಕಾಗಿ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ವೇಪ್ ಸಿಡಿದದ್ದನ್ನು "ಮೊಬೈಲ್ ಸಿಡಿಯಿತು" ಎಂದು ಬರೆಸಿ, ಆಮೇಲೆ ಮೊಬೈಲ್ ಕಂಪನಿಯಿಂದ ಪರಿಹಾರ ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದ ಹುಡುಗನನ್ನು ವಾಪಸು ಕಳಿಸಿದ್ದೇನೆ. ಅದು ಸುಳ್ಳು ದೂರು. ಮೊಬೈಲ್ ಹಾಗೇ ಇರುವಾಗ ಒಂದು ದಿನವೂ ನಿಲ್ಲುವುದಿಲ್ಲ.

ಈಗ ಕಾನೂನುಬದ್ಧ ಸಾಮಾನಿಗೆ ಬರೋಣ: ಮೊಬೈಲ್, ಪವರ್ ಬ್ಯಾಂಕ್, ಇಲೆಕ್ಟ್ರಿಕ್ ಸ್ಕೂಟರು. ಇಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಪರವಾಗಿದೆ. ಆದರೆ ಜನ ಸೋಲುವುದು ಒಂದೇ ಜಾಗದಲ್ಲಿ. ಸುಟ್ಟ ತುಂಡನ್ನು ಹಿಡಿದುಕೊಂಡು ನೇರ ಅಂಗಡಿಗೆ ಓಡುತ್ತಾರೆ. ಅಂಗಡಿಯವರು ಬಹಳ ಮರ್ಯಾದೆಯಿಂದ ಕೂರಿಸಿ, "ಕಂಪನಿಗೆ ಕಳಿಸಬೇಕು, ಇಟ್ಟು ಹೋಗಿ" ಎನ್ನುತ್ತಾರೆ. ಅಲ್ಲಿಗೆ ಸಾಕ್ಷ್ಯ ಹೋಯಿತು. ತಿಂಗಳ ನಂತರ "ಗ್ರಾಹಕರ ತಪ್ಪು ಬಳಕೆ" ಎಂಬ ಒಂದು ಸಾಲು ಬರುತ್ತದೆ. ಬ್ಯಾಟರಿ ಎಲ್ಲಿ ಎಂದರೆ ಉತ್ತರವಿಲ್ಲ. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಾಕ್ಷ್ಯ ಹೀಗೆ ಕಾಣೆಯಾಗುವುದು ತಮಗೆ ಎಷ್ಟು ಅನುಕೂಲವೆಂದು ಅವರಿಗೆ ಚೆನ್ನಾಗಿ ಗೊತ್ತು.

ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾದರೆ ಆಯೋಗವೇ ಮಾದರಿಯನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಕಾಯ್ದೆಯ 38ನೇ ಕಲಮು ವರದಿಗೆ 45 ದಿನ ಕೊಟ್ಟಿದೆ. ವಸ್ತು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಕಳಿಸುವುದು ಏನನ್ನು? ಆದ್ದರಿಂದ ಪೂರ್ತಿ ಆರಿದ ಮೇಲೆ, ಮನೆಯ ಹೊರಗೆ, ಲೋಹದ ಡಬ್ಬಿಯಲ್ಲಿ ಮರಳಿನ ನಡುವೆ ಇಡಿ. ಚಾರ್ಜರು, ಕೇಬಲ್ಲು, ಪೆಟ್ಟಿಗೆ, ಬಿಲ್ಲು ಎಲ್ಲವೂ ಬೇಕು. ಸ್ಥಳ ಗುಡಿಸುವ ಮುಂಚೆ ಫೋಟೋ ತೆಗೆಯಿರಿ. ಕಂಪನಿ ನೋಡಲೇಬೇಕೆಂದರೆ ನಿಮ್ಮೆದುರು ನೋಡಲಿ. ಕೊಡಲೇಬೇಕಾಗಿ ಬಂದರೆ ಸೀರಿಯಲ್ ನಂಬರು, ಸ್ಥಿತಿ, ತಾರೀಕು ಬರೆದ ಸ್ವೀಕೃತಿ ಪಡೆಯಿರಿ. "ಪೂರ್ಣ ಇತ್ಯರ್ಥ" ಎಂದಿರುವ ಚೀಟಿಗೆ ಸಹಿ ಹಾಕಬೇಡಿ, ಹೊಸ ಮೊಬೈಲ್ ಕೈಗಿಟ್ಟರೂ ಸರಿ.

ಬಿಲ್ಲು ಇಲ್ಲದಿದ್ದರೆ? ಯುಪಿಐ ಪಾವತಿಯ ದಾಖಲೆಯೂ ಸಾಕ್ಷ್ಯ. ತಯಾರಕ ಯಾರೆಂದೇ ತಿಳಿಯದಿದ್ದರೆ 86ನೇ ಕಲಮಿನಂತೆ ಮಾರಿದ ಅಂಗಡಿಯವನೇ ಹೊಣೆ, ಇದನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಆದರೆ ನೀವೇ ಬಿಚ್ಚಿ ಬೇರೆ ಬ್ಯಾಟರಿ ಹಾಕಿಸಿದ್ದರೆ 87ನೇ ಕಲಮು ಅವನನ್ನು ಕಾಪಾಡುತ್ತದೆ. ದುಬೈ ಅಂಗಡಿಯಲ್ಲಿ ಕೊಂಡದ್ದಾದರೆ ಇಲ್ಲಿ ಹಿಡಿಯಲು ಮಾರಾಟಗಾರನೇ ಇಲ್ಲ. ಕೊಳ್ಳುವಾಗಲೇ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿನ ಕೆಳಗಿನ ಆರ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

ದೂರು ಕೊಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಆನ್‌ಲೈನಿನಲ್ಲಿ ಕೊಂಡಿರಿ, ತಲಪಾಡಿ ದಾಟಿ ಕಾಸರಗೋಡಿನಲ್ಲಿ ಕೊಂಡಿರಿ, ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೆ, ಅಂದರೆ ಮಂಗಳೂರಿಗೆ, ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಪ್ರಯೋಗಾಲಯದ ವೆಚ್ಚವನ್ನು ಮಾತ್ರ ಮೊದಲು ನಿಮ್ಮಿಂದಲೇ ಕಟ್ಟಿಸಬಹುದು. ವಕೀಲರು ಕಡ್ಡಾಯವಲ್ಲ, ಬಾಗಿಲಲ್ಲಿ ನಿಂತು "ನಾನು ಮಾಡಿಸಿಕೊಡುತ್ತೇನೆ" ಎನ್ನುವವನಂತೂ ಬೇಡವೇ ಬೇಡ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದವರು ನಿಶ್ಚಿಂತೆಯಿಂದ ಕೂರುತ್ತಾರೆ. ಸಹಾಯವಾಣಿ ಕಂಪನಿಗೆ ದೂರು ಮುಟ್ಟಿಸುತ್ತದೆ, ಆದೇಶ ಮಾಡುವುದಿಲ್ಲ. ಆಯೋಗಕ್ಕೆ ಹೋಗಲು ಇರುವ 2 ವರ್ಷದ ಗಡುವು ಅದರಿಂದ ನಿಲ್ಲುವುದೂ ಇಲ್ಲ. "ನೋಡುತ್ತಿದ್ದೇವೆ" ಎಂಬ ಇಮೇಲುಗಳಲ್ಲೇ ಕಂಪನಿ ದಿನ ತಳ್ಳುತ್ತಿದ್ದರೆ ಕಾಯಬೇಡಿ, ದೂರು ಸಲ್ಲಿಸಿ. ಗಡುವು ದಾಟಿದ್ದರೂ ವಿಳಂಬಕ್ಕೆ ಸಕಾರಣ ಬರೆದು ಅರ್ಜಿ ಹಾಕಬಹುದು. ಆಸ್ಪತ್ರೆಯಲ್ಲಿದ್ದ ದಿನಗಳ ಕಾಗದ ಆಗ ಕೆಲಸಕ್ಕೆ ಬರುತ್ತದೆ, ಡಿಸ್ಚಾರ್ಜ್ ಆಗುವಾಗಲೇ ಕೇಳಿ ತೆಗೆದುಕೊಳ್ಳಿ.